ರೂಪಾಯಿನಾ, ಯೂರೊನಾ? ವಿದೇಶದಲ್ಲಿ ಕಾರ್ಡ್ ಉಜ್ಜುವ ಮುಂಚೆ

ಪ್ರಶ್ನೆ: ನಾವು ಶಿವಮೊಗ್ಗದ ಕಡೆಯವರು. ಮಗಳು, ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಹೋದ ವರ್ಷ ನಾನೂ ಯಜಮಾನರೂ ಐದು ವಾರ ಇದ್ದು ಬಂದೆವು. ಖರ್ಚಿಗೆ ಅವರ ಕ್ರೆಡಿಟ್ ಕಾರ್ಡ್ ಇತ್ತು. ‘ಲೈಫ್‌ಟೈಮ್ ಫ್ರೀ’ ಅಂತ ಹೇಳಿ ಕೊಟ್ಟ ಕಾರ್ಡ್. ಊರಿಗೆ ಬಂದು ಸ್ಟೇಟ್‌ಮೆಂಟ್ ತೆಗೆದರೆ ಪ್ರತಿ ಖರ್ಚಿಗೂ ಬಾಲದ ಹಾಗೆ ಇನ್ನೊಂದು ಮೊತ್ತ, ಅದಕ್ಕೆ ಜಿಎಸ್‌ಟಿ ಬೇರೆ! ಅಂಗಡಿಗಳಲ್ಲಿ ಮಷೀನು ‘ರೂಪಾಯಿನಾ ಯೂರೊನಾ’ ಅಂತ ಕೇಳುತ್ತಿತ್ತು. ರೂಪಾಯಿ ಒತ್ತಿದರೆ ಎಷ್ಟಾಯಿತೆಂದು ಅಲ್ಲೇ ಗೊತ್ತಾಗುತ್ತದೆ ಅನ್ನುವುದು ಯಜಮಾನರ ವಾದ. ಯೂರೊನೇ ಒತ್ತಿ ಅನ್ನುತ್ತಿದ್ದಳು ಮಗಳು. 90 ಯೂರೊ ಜಾಕೆಟ್ ಸೈಜ್ ಆಗದೆ ವಾಪಸ್ ಕೊಟ್ಟೆವು. ಬಂದ ಹಣ ಕೊಟ್ಟದ್ದಕ್ಕಿಂತ ಕಮ್ಮಿ. ಈಗ ಎರಡು ತಿಂಗಳಲ್ಲಿ ಮಗಳ ಬಾಣಂತನಕ್ಕೆ ನಾನೊಬ್ಬಳೇ ಹೊರಟಿದ್ದೇನೆ. ಅಡಿಕೆ ಕೊಯ್ಲು ಇರುವುದರಿಂದ ಯಜಮಾನರು ಬರುವುದಿಲ್ಲ. ನನ್ನ ಹೆಸರಲ್ಲಿ ಕಾರ್ಡೂ ಇಲ್ಲ, ಸಂಬಳವೂ ಇಲ್ಲ. ಹೊರದೇಶದಲ್ಲಿ ಕಾರ್ಡ್ ಉಜ್ಜಿದರೆ 20% ಟ್ಯಾಕ್ಸ್ ಬೀಳುತ್ತದೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ನೋಟು ಒಯ್ಯಲೋ, ಫಾರೆಕ್ಸ್ ಕಾರ್ಡೋ, ಜಾಹೀರಾತಿನಲ್ಲಿ ಬರುವ ‘ಝೀರೊ ಮಾರ್ಕಪ್’ ಕಾರ್ಡೋ? ಇನ್ನೊಂದು ವಿಷಯ: ಕಳೆದ ಸಲ ಉಳಿದ ಯೂರೊ ಚಿಲ್ಲರೆ ಸಾಸಿವೆ ಡಬ್ಬಿಯಲ್ಲಿ ಹಾಗೇ ಇದೆ. ಅದನ್ನೇನು ಮಾಡಲಿ?

ಉತ್ತರ: ಮೊದಲು ಮನೆಯ ಜಗಳ ಮುಗಿಸೋಣ. ನಿಮ್ಮ ಮಗಳು ಹೇಳಿದ್ದೇ ಸರಿ. ಯಜಮಾನರಿಗೆ ಬೇಜಾರಾಗುವುದು ಬೇಡ, ಅವರ ಹಾಗೆ ಯೋಚಿಸುವವರೇ ಜಾಸ್ತಿ. ಆ ಮಷೀನು ಇರುವುದೂ ಅಂಥವರನ್ನು ನಂಬಿಕೊಂಡೇ. ಅದಕ್ಕೆ ಆಮೇಲೆ ಬರುತ್ತೇನೆ.

ಸ್ಟೇಟ್‌ಮೆಂಟಿನಲ್ಲಿ ಕಂಡ ಆ ಬಾಲದ ವಿಷಯ. ಅದು ಮೋಸವಲ್ಲ. ಹಾಗಂತ ನ್ಯಾಯವೆಂದೂ ನಾನು ಹೇಳಲಾರೆ. ‘ಲೈಫ್‌ಟೈಮ್ ಫ್ರೀ’ ಅಂದರೆ ವರ್ಷಕ್ಕೊಮ್ಮೆ ಕಟ್ಟುವ ಫೀ ಇಲ್ಲ, ಅಷ್ಟೇ. ಹೊರದೇಶದ ಕರೆನ್ಸಿಯಲ್ಲಿ ಖರ್ಚು ಮಾಡಿದಾಗ ಬ್ಯಾಂಕು ಮೇಲಿಂದ ಹಾಕಿಕೊಳ್ಳುವ ಪಾಲೇ ಬೇರೆ. ಅದರ ಹೆಸರು ಫಾರೆಕ್ಸ್ ಮಾರ್ಕಪ್. ಸಾಮಾನ್ಯ ಕಾರ್ಡುಗಳಲ್ಲಿ 3.5% ಇರುತ್ತದೆ, ದುಬಾರಿ ಫೀ ಇರುವ ಕಾರ್ಡುಗಳಲ್ಲಿ 2% ಆಸುಪಾಸು. ಅದರ ಮೇಲೆ 18% ಜಿಎಸ್‌ಟಿ. ಜಿಎಸ್‌ಟಿ ಬೀಳುವುದು ನಿಮ್ಮ ಖರ್ಚಿನ ಮೇಲಲ್ಲ, ಆ ಮಾರ್ಕಪ್ ಮೇಲೆ ಮಾತ್ರ. ಹಾಗಾಗಿ 3.5% ಅನ್ನುವುದು ಕೊನೆಗೆ 4.13% ಆಗಿ ಕೂರುತ್ತದೆ.

ಲೆಕ್ಕ ಸುಲಭವಾಗಲಿ ಅಂತ 1 ಯೂರೊ ಅಂದರೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹೋಟೆಲ್ಲಿನಲ್ಲಿ ಊಟದ ಬಿಲ್ 40 ಯೂರೊ, ಅಂದರೆ 4,000 ರೂಪಾಯಿ. ಮಾರ್ಕಪ್ 140. ಅದಕ್ಕೆ ಜಿಎಸ್‌ಟಿ 25 ರೂಪಾಯಿ 20 ಪೈಸೆ. ಒಟ್ಟು 4,165 ರೂಪಾಯಿ 20 ಪೈಸೆ. ಒಂದು ಊಟಕ್ಕೆ ದೊಡ್ಡದೇನಲ್ಲ ಬಿಡಿ. ಮೂರು ತಿಂಗಳಲ್ಲಿ 2 ಲಕ್ಷ ಖರ್ಚಾಯಿತು ಅಂದುಕೊಳ್ಳಿ, 8,260 ರೂಪಾಯಿ ಈ ಒಂದೇ ಬಾಬ್ತಿಗೆ ಹೋಗುತ್ತದೆ.

ಇದರಲ್ಲಿ ವೀಸಾ, ಮಾಸ್ಟರ್‌ಕಾರ್ಡ್‌ನವರಿಗೆ ಒಂದು ಪಾಲು ಹೋಗುತ್ತದೆ. ಯೂರೊವನ್ನು ರೂಪಾಯಿಗೆ ಬದಲಾಯಿಸುವ ದಿನದ ದರ ಕೊಡುವವರೂ ಅವರೇ. ಆ ದರ ಗೂಗಲ್‌ನಲ್ಲಿ ಕಾಣುವ ದರಕ್ಕೆ ಬಹಳ ಹತ್ತಿರ ಇರುತ್ತದೆ. ಉಳಿದದ್ದು ಬ್ಯಾಂಕಿನ ಲಾಭ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನ ಕಾರ್ಡ್ ವಿಭಾಗದಲ್ಲಿ ಕೂತು ಬಂದವನಾಗಿ ಹೇಳುತ್ತೇನೆ, 3.5% ತೆಗೆದುಕೊಳ್ಳಲೇಬೇಕಾದಷ್ಟು ಖರ್ಚು ಇದರಲ್ಲಿಲ್ಲ. ಈಗ ಕೆಲವು ಬ್ಯಾಂಕುಗಳು ಸೊನ್ನೆ ಮಾರ್ಕಪ್‌ಗೆ ಕಾರ್ಡ್ ಕೊಡುತ್ತಿರುವುದೇ ಅದಕ್ಕೆ ಸಾಕ್ಷಿ.

ಇನ್ನು ರೂಪಾಯಿ ಬಟನ್ ಕಥೆ.

ಚಿಪ್ ಇರುವ ಕಾರ್ಡನ್ನು ಮಷೀನಿಗೆ ತುರುಕಿದ ತಕ್ಷಣ ಅದು ಭಾರತದ ಕಾರ್ಡ್ ಅಂತ ಮಷೀನಿಗೆ ಗೊತ್ತಾಗುತ್ತದೆ. ಆಗ ಪರದೆ ಮೇಲೆ ಎರಡು ಸಾಲು ಬರುತ್ತವೆ. ಒಂದರಲ್ಲಿ ಯೂರೊ ಮೊತ್ತ, ಇನ್ನೊಂದರಲ್ಲಿ ರೂಪಾಯಿ ಮೊತ್ತ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಅನ್ನುತ್ತಾರೆ. ರೂಪಾಯಿ ಒತ್ತಿದಿರೋ, ದರ ಕಟ್ಟುವವರು ವೀಸಾದವರೂ ಅಲ್ಲ, ನಿಮ್ಮ ಬ್ಯಾಂಕಿನವರೂ ಅಲ್ಲ. ಆ ಅಂಗಡಿಗೆ ಮಷೀನು ಕೊಟ್ಟ ಕಂಪನಿಯವರು. ಅವರು ತಮ್ಮ ಲಾಭವನ್ನು ದರದೊಳಗೇ ಸೇರಿಸಿ ಹೇಳುತ್ತಾರೆ. ಅದರಲ್ಲಿ ಅಂಗಡಿಯವರಿಗೂ ಒಂದು ಪಾಲು ಹೋಗುವುದುಂಟು. ಕೌಂಟರಿನಲ್ಲಿದ್ದವರು ನಗುನಗುತ್ತಾ ‘ಇಂಡಿಯನ್ ರುಪೀಸ್?’ ಅಂತ ಕೇಳಿದರೆ ಅದು ಉಪಚಾರ ಅಂತ ತಿಳಿಯಬೇಡಿ.

ಅದೇ 40 ಯೂರೊ ಊಟಕ್ಕೆ ಮಷೀನು 6% ಸೇರಿಸಿ 4,240 ರೂಪಾಯಿ ತೋರಿಸಿತು ಅಂದುಕೊಳ್ಳಿ. ಯಜಮಾನರು ಹೇಳಿದ ಹಾಗೆ ಮೊತ್ತ ಅಲ್ಲೇ ಗೊತ್ತಾಯಿತು, ನಿಜ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಿಲ್ ರೂಪಾಯಿಯಲ್ಲಿದ್ದರೂ ಅಂಗಡಿ ಹೊರದೇಶದ್ದು ಅಂತ ನಮ್ಮ ಎಷ್ಟೋ ಬ್ಯಾಂಕುಗಳು ಅದಕ್ಕೂ ಬೇರೆ ಫೀ ಹಾಕುತ್ತವೆ. ಕೆಲವು ಕಡೆ 1%, ಕೆಲವು ಕಡೆ ಪೂರಾ ಮಾರ್ಕಪ್. 1% ಅಂದುಕೊಂಡರೂ ಜಿಎಸ್‌ಟಿ ಸೇರಿ 50 ರೂಪಾಯಿ. ಒಟ್ಟು 4,290. ಪೂರಾ 3.5% ಹಾಕುವ ಬ್ಯಾಂಕಾದರೆ 4,415. ಯೂರೊ ಒತ್ತಿದ್ದರೆ 4,165ಕ್ಕೆ ಮುಗಿಯುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದ ನಾನೇ ಒಮ್ಮೆ ಬಿದ್ದಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಯುರೋಪಿನ ಒಂದು ವಿಮಾನ ನಿಲ್ದಾಣ. ರಾತ್ರಿಯಿಡೀ ನಿದ್ದೆ ಇಲ್ಲ. ಒಂದು ಕಾಫಿ, ಒಂದು ಬನ್ನು ತಗೊಂಡೆ. ಮಷೀನಿನ ಪರದೆಯಲ್ಲಿ ರೂಪಾಯಿ ಮೊತ್ತ ದಪ್ಪ ಅಕ್ಷರದಲ್ಲಿ, ಎದುರಿಗೆ ಹಸಿರು ಬಟನ್. ಯೂರೊ ಕೆಳಗೆಲ್ಲೋ ಸಣ್ಣಗೆ. ಹಸಿರು ಅಂದರೆ ಸರಿ ಅಂತ ಬೆರಳು ತಾನಾಗಿ ಒತ್ತಿಬಿಟ್ಟಿತು. ಚೀಟಿ ಕೈಗೆ ಬಂದ ಮೇಲೆ ಕನ್ನಡಕ ಹಾಕಿ ನೋಡಿದರೆ, ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಕರೆನ್ಸಿಯನ್ನು ನಾನೇ ಆಯ್ದುಕೊಂಡಿದ್ದೇನೆ’ ಅನ್ನುವ ಅರ್ಥದ ಒಪ್ಪಿಗೆ. ಸಹಿ ಕೂಡ ಬೇಕಿಲ್ಲ, ಪಿನ್ ಒತ್ತಿದ್ದೇ ಒಪ್ಪಿಗೆ!

ಹಾಗಾಗಿ ಮಷೀನು ಕೈಗೆ ಕೊಟ್ಟಾಗ ಪಿನ್ ಒತ್ತುವ ಮುಂಚೆ ಒಂದು ಕ್ಷಣ ನಿಲ್ಲಿ. ಪರದೆಯಲ್ಲಿ ಐಎನ್‌ಆರ್ ಅನ್ನುವ ಮೂರು ಇಂಗ್ಲಿಷ್ ಅಕ್ಷರ ಕಂಡರೆ ‘ನೋ, ಯೂರೊ’ ಅನ್ನಿ. ಅಷ್ಟು ಇಂಗ್ಲಿಷ್ ಸಾಕು. ನಿಮ್ಮನ್ನು ಕೇಳದೆ ಅವರೇ ರೂಪಾಯಿ ಒತ್ತಿದರೆ ಆ ವ್ಯವಹಾರ ರದ್ದು ಮಾಡಿ, ಮತ್ತೆ ಮಾಡಿ ಅಂತ ಅಲ್ಲೇ ಹೇಳಿ. ಆಯ್ಕೆ ಕಾರ್ಡ್ ಇಟ್ಟುಕೊಂಡವರದ್ದು ಅನ್ನುವುದು ವೀಸಾ, ಮಾಸ್ಟರ್‌ಕಾರ್ಡ್‌ನವರದೇ ನಿಯಮ. ಚೀಟಿ ಇಟ್ಟುಕೊಂಡಿದ್ದರೆ ಆಮೇಲೆ ಬ್ಯಾಂಕಿಗೆ ತಕರಾರು ಬರೆಯಬಹುದು, ಆದರೆ ಕೌಂಟರಿನಲ್ಲೇ ಸರಿಮಾಡಿಸುವುದು ಎಷ್ಟೋ ಸಲೀಸು. ಮನೆಯಲ್ಲಿ ಕೂತು ಹೊರದೇಶದ ವೆಬ್‌ಸೈಟಿನಲ್ಲಿ ಹೋಟೆಲ್ ರೂಮ್ ಬುಕ್ ಮಾಡುವಾಗಲೂ ಇದೇ ಆಟ. ಬೆಲೆ ರೂಪಾಯಿಯಲ್ಲಿ ಕಂಡ ಮಾತ್ರಕ್ಕೆ ಫೀ ಬೀಳುವುದಿಲ್ಲ ಅಂತಲ್ಲ.

ನೀವು ಎಟಿಎಂ ವಿಷಯ ಕೇಳಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ನಾನು ನೋಡಿದ ದೊಡ್ಡ ಏಟುಗಳೆಲ್ಲ ಬಿದ್ದದ್ದು ಅಲ್ಲೇ. ಕ್ರೆಡಿಟ್ ಕಾರ್ಡಿನಿಂದ ನೋಟು ತೆಗೆದರೆ ಅದು ಖರೀದಿಯಲ್ಲ, ಸಾಲ. 45–50 ದಿನದ ಬಡ್ಡಿಯಿಲ್ಲದ ಗಡುವು ಅದಕ್ಕಿಲ್ಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ತಿಂಗಳಿಗೆ 3.5% ಆಸುಪಾಸು. ಜೊತೆಗೆ ನಗದು ತೆಗೆದ ಫೀ, ಸಾಮಾನ್ಯವಾಗಿ 2.5%, ಆದರೆ ಕನಿಷ್ಠ ಇಷ್ಟು ಅಂತ ಇರುತ್ತದೆ. ಆ ಕನಿಷ್ಠ 500 ರೂಪಾಯಿ ಅಂತಿಟ್ಟುಕೊಳ್ಳಿ. ಎಟಿಎಂನವರು 5 ಯೂರೊ ತಮ್ಮ ಪಾಲು ಹಿಡಿದರು ಅನ್ನಿ. 100 ಯೂರೊ ಕೈಗೆ ಬರಲು 10,500 ರೂಪಾಯಿ ಕಾರ್ಡಿಗೆ ಬಿತ್ತು. ಮಾರ್ಕಪ್, ನಗದು ಫೀ, ಎರಡಕ್ಕೂ ಜಿಎಸ್‌ಟಿ ಸೇರಿದರೆ 11,500 ದಾಟಿತು. ಒಂದು ತಿಂಗಳ ಬಡ್ಡಿ, ಆ ಬಡ್ಡಿಗೂ ಜಿಎಸ್‌ಟಿ ಹಾಕಿದರೆ ಹೆಚ್ಚುಕಮ್ಮಿ 11,950. ಅಂದರೆ 10,000 ರೂಪಾಯಿಯ ನೋಟಿಗೆ 2,000 ದಂಡ. ‘ಝೀರೊ ಮಾರ್ಕಪ್’ ಕಾರ್ಡಿನಲ್ಲೂ ಸೊನ್ನೆಯಾಗುವುದು ಮಾರ್ಕಪ್ ಮಾತ್ರ. ನಗದು ಫೀ, ಬಡ್ಡಿ ಉಳಿಯುತ್ತವೋ ಅಂತ ನೋಡಿಕೊಂಡೇ ಕಾರ್ಡ್ ತಗೊಳ್ಳಬೇಕು.

ಜಾಕೆಟ್ ದುಡ್ಡು ಕಮ್ಮಿ ಬಂದದ್ದಕ್ಕೆ ಕಾರಣ ಎರಡು. ವಾಪಸ್ ಬರುವ ಹಣಕ್ಕೆ ಕೊಂಡ ದಿನದ ದರ ಸಿಗುವುದಿಲ್ಲ, ವಾಪಸ್ ಬಂದ ದಿನದ ದರ. ನಡುವೆ ಯೂರೊ ಇಳಿದಿದ್ದರೆ ನಷ್ಟ ನಿಮ್ಮದು. ಏರಿದ್ದರೆ ನಾಲ್ಕು ಕಾಸು ಲಾಭವೂ ಆಗಬಹುದಿತ್ತು. ಎರಡನೆಯದು, ಕೊಳ್ಳುವಾಗ ಹಿಡಿದ ಮಾರ್ಕಪ್ಪನ್ನು ಎಲ್ಲ ಬ್ಯಾಂಕುಗಳೂ ವಾಪಸ್ ಕೊಡುವುದಿಲ್ಲ. ಸ್ವೈಪ್ ಮಾಡಿದ ದಿನದ ಎಸ್ಸೆಮ್ಮೆಸ್ಸಿಗೂ ಸ್ಟೇಟ್‌ಮೆಂಟಿಗೂ ತಾಳೆಯಾಗದೆ ಇರುವುದೂ ಇಂಥದ್ದೇ. ಸ್ವೈಪ್ ಮಾಡಿದಾಗ ಬ್ಯಾಂಕು ಅಂದಾಜು ಮೊತ್ತವನ್ನು ಹಿಡಿದಿಡುತ್ತದೆ. ಅಂಗಡಿಯ ಲೆಕ್ಕ ಬಂದು ತಲುಪಲು ಒಂದೆರಡು ದಿನ ಬೇಕು. ಆ ದಿನದ ದರವೇ ಕೊನೆಯದು.

ಪಕ್ಕದ ಮನೆಯವರ 20% ಟ್ಯಾಕ್ಸ್ ಪೂರ್ತಿ ಸುಳ್ಳೂ ಅಲ್ಲ, ನಿಮಗೆ ತಗಲುವಂಥದ್ದೂ ಅಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಹೊರದೇಶಕ್ಕೆ ಹೋದಾಗ ಕ್ರೆಡಿಟ್ ಕಾರ್ಡಿನಲ್ಲಿ ಮಾಡುವ ಖರ್ಚನ್ನೂ ಎಲ್‌ಆರ್‌ಎಸ್ ಲೆಕ್ಕಕ್ಕೆ ತರಲು ಹೊರಟಿತ್ತು. ನಾವು ಹೊರದೇಶಕ್ಕೆ ಕಳಿಸುವ, ಒಯ್ಯುವ ಹಣಕ್ಕೆ ರಿಸರ್ವ್ ಬ್ಯಾಂಕ್ ಇಟ್ಟಿರುವ ವ್ಯವಸ್ಥೆ ಅದು, ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಿತಿ. ಅದರಡಿ ಬಂದರೆ ಟಿಸಿಎಸ್, ಅಂದರೆ ಬ್ಯಾಂಕು ಮುಂಗಡವಾಗಿ ಹಿಡಿದುಕೊಳ್ಳುವ ತೆರಿಗೆ, ಬೀಳುತ್ತಿತ್ತು. ಎಲ್ಲ ಕಡೆ ಗಲಾಟೆಯಾಯಿತು. ಜೂನ್ 28ರಂದು ಸರ್ಕಾರವೇ ಅದನ್ನು ಮುಂದೂಡಿತು. ಹೊರದೇಶದಲ್ಲಿದ್ದಾಗ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಟಿಸಿಎಸ್ ಇಲ್ಲ. ನಿಮ್ಮ ಪಕ್ಕದ ಮನೆಯವರು ಮೇ ತಿಂಗಳ ಪೇಪರ್ ಓದಿದ್ದಾರೆ, ಜೂನ್ ತಿಂಗಳದ್ದು ಬಿಟ್ಟಿದ್ದಾರೆ.

ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್, ಕೊಂಡು ಒಯ್ಯುವ ನೋಟು ಇವೆಲ್ಲ ಎಲ್‌ಆರ್‌ಎಸ್ ಒಳಗೇ ಬರುತ್ತವೆ. ಆದರೂ 2025ರ ಏಪ್ರಿಲ್ 1ರಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೇಲಷ್ಟೇ ಆ 20%. ಅದೂ ದಾಟಿದ ಭಾಗಕ್ಕೆ ಮಾತ್ರ, ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಹಿಡಿದುಕೊಳ್ಳಲು ಬರುತ್ತದೆ. ಬಾಣಂತನಕ್ಕೆ ಹೋಗಿ 10 ಲಕ್ಷ ಖರ್ಚು ಮಾಡುವ ಅಜ್ಜಿಯನ್ನು ನಾನಿನ್ನೂ ನೋಡಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಏನು ಒಯ್ಯಬೇಕು?

ಎಲ್ಲಕ್ಕಿಂತ ಅಗ್ಗದ ಕಾರ್ಡ್ ಮಗಳ ಪರ್ಸಿನಲ್ಲಿದೆ. ಅವಳದು ಯೂರೊ ಖಾತೆ, ಯೂರೊ ಖರ್ಚು, ಯಾವ ಬಾಲವೂ ಇಲ್ಲ. ದಿನಸಿ, ಡಯಾಪರ್, ಬಸ್ಸು ಎಲ್ಲ ಅದರಲ್ಲೇ ಆಗಲಿ. ಮಗಳ ಮನೆಯಲ್ಲಿ ಕೈಚಾಚುವುದು ಹೇಗೆ ಅನ್ನುವ ಸಂಕೋಚ ನಿಮಗೆ ಇರಬಹುದು. ಅದಕ್ಕೆ ನನ್ನಲ್ಲಿ ಲೆಕ್ಕವಿಲ್ಲ, ಅದು ನಿಮ್ಮ ಮನೆಯ ಮಾತು. ಕಾನೂನಿನ ತೊಡಕಂತೂ ಇಲ್ಲ. ಆದರೆ ಅಲ್ಲಿರುವ ಪರಿಚಯದವರ ಹತ್ತಿರ ಯೂರೊ ಇಸಿದುಕೊಂಡು, ಊರಲ್ಲಿ ಅವರ ಮನೆಗೆ ರೂಪಾಯಿ ಮುಟ್ಟಿಸುವ ಅದಲುಬದಲು ಮಾತ್ರ ಬೇಡ. ಸುಮ್ನೆ ಫೆಮಾ ಅನ್ನುವ ವಿದೇಶಿ ವಿನಿಮಯ ಕಾಯ್ದೆಯ ತಂಟೆ.

ನಿಮ್ಮದೇ ಅಂತ ಒಂದು ಕಾರ್ಡ್ ಇರಲೇಬೇಕು. ಸಂಬಳದ ಚೀಟಿ ಇಲ್ಲದಿದ್ದರೂ ಎಫ್‌ಡಿ ಇಟ್ಟರೆ ಅದರ ಮೇಲೆ ಕಾರ್ಡ್ ಕೊಡುವ ಬ್ಯಾಂಕುಗಳಿವೆ. ಎಫ್‌ಡಿಯ ಬಡ್ಡಿ ಎಂದಿನಂತೆ ಬರುತ್ತಿರುತ್ತದೆ, ಅದರ ಬಹುಪಾಲು ಕಾರ್ಡಿನ ಲಿಮಿಟ್ ಆಗುತ್ತದೆ. ಇಂಥದ್ದರಲ್ಲೇ ಮಾರ್ಕಪ್ ಇಲ್ಲದ್ದೋ ಕಮ್ಮಿ ಇರುವುದೋ ಸಿಕ್ಕರೆ ನಿಮಗೆ ಹೇಳಿ ಮಾಡಿಸಿದ ಹಾಗೆ. ಜಾಹೀರಾತು ನಂಬಬೇಡಿ, ಬ್ಯಾಂಕಿನ ದರಪಟ್ಟಿ ತೆಗೆಸಿ ನೋಡಿ. ಈ ದರಗಳನ್ನು ಬ್ಯಾಂಕುಗಳು ಆಗಾಗ ಬದಲಿಸುತ್ತಲೂ ಇರುತ್ತವೆ. ಕಾರ್ಡ್ ಕೈಗೆ ಬಂದು, ಪಿನ್ ಹಾಕಿ, ಊರಲ್ಲೇ ಒಂದೆರಡು ಸಲ ಬಳಸಿ ಕೈ ಪಳಗಬೇಕಲ್ಲ, ಅದಕ್ಕೆ ಎರಡು ತಿಂಗಳು ಅಂದರೆ ಈಗಲೇ ಶುರು ಮಾಡಿ. ಪಾಯಿಂಟ್ ಜಾಸ್ತಿ ಸಿಗುತ್ತದೆ, ಮಾರ್ಕಪ್ ಅದರಲ್ಲೇ ಹೋಗಿಬಿಡುತ್ತದೆ ಅಂತ ಹೇಳುವ ಕಾರ್ಡುಗಳೂ ಇವೆ. ಪಾಯಿಂಟ್ ಲೆಕ್ಕ ಇಡುವ ಹುಮ್ಮಸ್ಸು ಇರುವವರಿಗೆ ಅದು ಸರಿ.

ಯಜಮಾನರ ಕಾರ್ಡಿಗೆ ನಿಮ್ಮ ಹೆಸರಲ್ಲಿ ಆಡ್-ಆನ್ ಕಾರ್ಡ್ ಮಾಡಿಸುವುದು ಸುಲಭ. ಆದರೆ ಮಾರ್ಕಪ್ ಅದೇ 3.5%. ಇನ್ನೊಂದು ತೊಂದರೆ ಓಟಿಪಿ. ಕೆಲವು ಬ್ಯಾಂಕುಗಳಲ್ಲಿ ಅದು ಯಜಮಾನರ ಫೋನಿಗೇ ಹೋಗುತ್ತದೆ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮಗು ಮಲಗಿತು ಅಂತ ನೀವು ಅಲ್ಲಿ ರಾತ್ರಿ ಏಳಕ್ಕೆ ಆನ್‌ಲೈನಲ್ಲಿ ಏನೋ ತರಿಸಲು ಕೂತರೆ, ಇಲ್ಲಿ ಹನ್ನೊಂದೂವರೆ. ದಿನವಿಡೀ ಅಡಿಕೆ ಕೊಯ್ಸಿ ಮಲಗಿದವರು ಓಟಿಪಿ ಓದಿ ಹೇಳಲು ಏಳುತ್ತಾರಾ? ಇದನ್ನು ತುರ್ತಿಗೆ ಅಂತ ಪೆಟ್ಟಿಗೆಯ ತಳದಲ್ಲಿಟ್ಟುಕೊಳ್ಳಿ.

ಫಾರೆಕ್ಸ್ ಕಾರ್ಡಿನಲ್ಲಿ ಒಂದು ನೆಮ್ಮದಿ ಇದೆ. ಇಲ್ಲೇ ರೂಪಾಯಿ ಕಟ್ಟಿ ಯೂರೊ ತುಂಬಿಸಿಕೊಂಡರೆ ಆ ದರ ಅಲ್ಲಿಗೆ ನಿಂತಿತು, ಮುಂದೆ ಯೂರೊ ಏರಿದರೂ ತಲೆಬಿಸಿ ಇಲ್ಲ. ಯೂರೊ ಖರ್ಚಿಗೆ ಮಾರ್ಕಪ್ಪೂ ಇಲ್ಲ ಅನ್ನುತ್ತಾರೆ. ನಿಜ, ಆದರೆ ಮಾರುವ ದರದಲ್ಲೇ ಅವರ ಲಾಭ ಕೂತಿರುತ್ತದೆ. ಗೂಗಲ್ ದರಕ್ಕೂ ಅವರು ಹೇಳುವ ದರಕ್ಕೂ ಎಷ್ಟು ಅಂತರ ಅಂತ ನೋಡಿ, ಎರಡು ಕಡೆ ವಿಚಾರಿಸಿ. ಇಲ್ಲಿ ಚೌಕಾಸಿ ನಡೆಯುತ್ತದೆ. ದಾರಿಯಲ್ಲಿ ದುಬೈನಲ್ಲಿ ಇಳಿದು ಯೂರೊ ಕಾರ್ಡಿನಲ್ಲಿ ದಿರ್ಹಾಮ್ ಖರ್ಚು ಮಾಡಿದರೆ ಮಾತ್ರ ಬೇರೆ ಫೀ ಬೀಳುತ್ತದೆ. ಉಳಿದ ಹಣ ವಾಪಸ್ ಮಾರುವಾಗ ದರ ಇನ್ನೂ ಕಮ್ಮಿ. ಹಾಗಾಗಿ ಸ್ವಲ್ಪವೇ ತುಂಬಿಸಿ. ಬೇಕಾದರೆ ಯಜಮಾನರು ಊರಿಂದ ಮತ್ತೆ ತುಂಬಿಸಬಹುದು, ಏರ್ಪಾಡು ಹೇಗೆ ಅಂತ ಹೊರಡುವ ಮುಂಚೆ ಕೇಳಿಟ್ಟುಕೊಳ್ಳಿ.

ನೋಟು ಕೂಡ ಸ್ವಲ್ಪ ಇರಲಿ. ಜರ್ಮನಿಯವರಿಗೆ ನಗದಿನ ಮೇಲೆ ಇನ್ನೂ ಪ್ರೀತಿ ಹೋಗಿಲ್ಲ. ಸಣ್ಣ ಬೇಕರಿ, ವಾರದ ಸಂತೆಗಳಲ್ಲಿ ಕಾರ್ಡ್ ನಡೆಯದೆ ಇರಬಹುದು. ನಡೆದರೂ ಅಲ್ಲಿನ ಬ್ಯಾಂಕುಗಳ ಡೆಬಿಟ್ ಕಾರ್ಡಾದ ಜಿರೊಕಾರ್ಡ್ ಮಾತ್ರ, ನಮ್ಮ ವೀಸಾ ಅಲ್ಲ ಅನ್ನುವ ಅಂಗಡಿಗಳಿವೆ. ಪ್ರವಾಸಕ್ಕೆ 3,000 ಡಾಲರಿನಷ್ಟು ಬೆಲೆಯ ನೋಟು ಒಯ್ಯಲು ರಿಸರ್ವ್ ಬ್ಯಾಂಕ್ ಬಿಡುತ್ತದೆ, ನಿಮಗೆ 200–300 ಯೂರೊ ಸಾಕು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಮಾತ್ರ ಕೊಳ್ಳಬೇಡಿ. ಯುಪಿಐ ಸಿಂಗಾಪುರ, ಮಾರಿಷಸ್, ಪ್ಯಾರಿಸ್ಸಿನ ಐಫೆಲ್ ಟವರ್ ಅಂತ ಅಲ್ಲಲ್ಲಿ ಕಾಲಿಟ್ಟಿದೆ. ಮ್ಯೂನಿಕ್‌ನ ಸಂತೆಯಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ.

ಹೊರಡುವ ವಾರ ಬ್ಯಾಂಕಿನ ಆ್ಯಪ್‌ನಲ್ಲಿ ‘ಇಂಟರ್‌ನ್ಯಾಷನಲ್’ ಸ್ವಿಚ್ ಆನ್ ಮಾಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದಿಂದಾಗಿ ಹೊಸ ಕಾರ್ಡುಗಳು ಊರಲ್ಲಿ ಬಳಸಲಷ್ಟೇ ತೆರೆದು ಬರುತ್ತವೆ, ಹೊರದೇಶಕ್ಕೆ ನಾವೇ ತೆರೆಯಬೇಕು. ಅಂಗಡಿಯ ಸ್ವೈಪ್ ಆನ್ ಇರಲಿ. ಕ್ರೆಡಿಟ್ ಕಾರ್ಡಿನ ಎಟಿಎಂ ಸ್ವಿಚ್ ಆಫ್ ಮಾಡಿಬಿಡಿ. ಆಗ ಕೈ ಜಾರಿದರೂ ಆ 2,000 ದಂಡದ ಭಯ ಇಲ್ಲ. ಹೊರದೇಶದ ಕೆಲವು ವೆಬ್‌ಸೈಟುಗಳು ಓಟಿಪಿ ಕೇಳುವುದೇ ಇಲ್ಲ. ಹಾಗಾಗಿ ಆನ್‌ಲೈನ್ ಸ್ವಿಚ್ ಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ. ನಿಮ್ಮ ಇಲ್ಲಿನ ಸಿಮ್‌ಗೆ ರೋಮಿಂಗ್ ಹಾಕಿಸಿ, ಓಟಿಪಿ ಬರುವುದು ಅದಕ್ಕೇ. ವಾಟ್ಸ್ಆ್ಯಪ್ ಇದೆಯಲ್ಲ ಅಂತ ಸಿಮ್ ತೆಗೆದಿಟ್ಟು ಪೇಚಿಗೆ ಸಿಕ್ಕವರನ್ನು ಬೇಕಾದಷ್ಟು ಕಂಡಿದ್ದೇನೆ.

ಸಾಸಿವೆ ಡಬ್ಬಿಯ ಯೂರೊ. ಚಿಲ್ಲರೆ ನಾಣ್ಯಗಳನ್ನು ನಮ್ಮೂರ ಮನಿ ಚೇಂಜರ್‌ಗಳು ತೆಗೆದುಕೊಳ್ಳುವುದಿಲ್ಲ. ಉಳಿದ ನೋಟುಗಳನ್ನು 2,000 ಡಾಲರ್ ಬೆಲೆಯವರೆಗೆ ಮನೆಯಲ್ಲಿ ಇಟ್ಟುಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ನಾಣ್ಯಕ್ಕೆ ಅಂಥ ಮಿತಿಯೇ ಇಲ್ಲ. ನಾಣ್ಯವನ್ನೆಲ್ಲ ಒಂದು ಸಣ್ಣ ಪರ್ಸಿಗೆ ಹಾಕಿ, ಸಾಸಿವೆ ಕಾಳು ಒಂದೂ ಅಂಟಿರದ ಹಾಗೆ ಒರೆಸಿ, ಕೈಚೀಲದಲ್ಲಿಟ್ಟುಕೊಳ್ಳಿ. ಅಲ್ಲಿ ಮಗಳ ಮನೆ ಹತ್ತಿರದ ಬೇಕರಿಯಲ್ಲಿ ಮೊದಲ ದಿನದ ಬ್ರೆಡ್ಡು ಅದರಲ್ಲೇ ಬರಲಿ.